ಕೆಲಸ ಸ್ಟುಟ್‌ಗಾರ್ಟಿನಲ್ಲಿ, ಮನೆ ಎಸ್ಲಿಂಗನ್‌ನಲ್ಲಿ

ಜರ್ಮನಿಗೆ ಹೊರಟು ನಿಂತ ಗೆಳೆಯರು ಮೊದಲು ಕೇಳುವುದು ಮ್ಯೂನಿಕ್ ಒಳ್ಳೆಯದೋ, ಬರ್ಲಿನ್ ಒಳ್ಳೆಯದೋ ಎಂದು. ಆದರೆ ಊರು ಯಾವುದೆಂಬುದನ್ನು ಬಹುಪಾಲು ಕೆಲಸವೇ ತೀರ್ಮಾನಿಸಿಬಿಡುತ್ತದೆ. ಬಾಷ್, ಮರ್ಸಿಡಿಸ್‌ನಂಥ ಕಂಪನಿಗಳಿಂದಾಗಿ ಬೆಂಗಳೂರಿನ ಎಂಜಿನಿಯರುಗಳಲ್ಲಿ ಅನೇಕರು ಸ್ಟುಟ್‌ಗಾರ್ಟಿನ ಕಡೆಗೆ ಬರುತ್ತಾರೆ. ಆ ನಗರದ ಸುತ್ತ ಯಾವ ರೈಲುಮಾರ್ಗದಲ್ಲಿ ಮನೆ ಹಿಡಿಯಬೇಕೆಂಬ ಆಯ್ಕೆ ಮಾತ್ರ ನಮ್ಮ ಕೈಯಲ್ಲಿ ಉಳಿಯುತ್ತದೆ, ಮತ್ತು ಸಂಸಾರದ ನೆಮ್ಮದಿ ಹೆಚ್ಚಾಗಿ ಅದನ್ನೇ ಅವಲಂಬಿಸಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ನಾವು ಆರಿಸಿಕೊಂಡದ್ದು ಎಸ್ಲಿಂಗನ್. ನೆಕ್ಕಾರ್ ನದಿಯ ದಡದಲ್ಲಿ, ದ್ರಾಕ್ಷಿತೋಟದ ಇಳಿಜಾರುಗಳ ಕೆಳಗಿರುವ ಈ ಹಳೆಯ ಊರಿನಿಂದ ಎಸ್1 ಎಂಬ ಲೋಕಲ್ ರೈಲು ಸುಮಾರು 20 ನಿಮಿಷದಲ್ಲಿ ಸ್ಟುಟ್‌ಗಾರ್ಟಿನ ಮುಖ್ಯ ನಿಲ್ದಾಣವನ್ನು ತಲುಪಿಸುತ್ತದೆ. 2023ರ ಮೇ ತಿಂಗಳಲ್ಲಿ ಜಾರಿಗೆ ಬಂದ ಡಾಯ್ಚ್‌ಲಾಂಡ್ ಟಿಕೆಟ್ ಕೈಯಲ್ಲಿದ್ದರೆ ದೇಶದ ಲೋಕಲ್ ರೈಲು, ಬಸ್ಸು, ಟ್ರಾಮುಗಳಲ್ಲಿ ತಿಂಗಳಿಡೀ ಓಡಾಡಬಹುದಾದ್ದರಿಂದ, ನಗರದ ನಡುವೆಯೇ ಇರಬೇಕೆಂದು ಹಟ ಹಿಡಿಯಲು ಕಾರಣ ಉಳಿದಿಲ್ಲ.

ಮನೆಯ ಜಾಹೀರಾತನ್ನು ಓದುವುದನ್ನು ಮಾತ್ರ ಹೊಸದಾಗಿ ಕಲಿಯಬೇಕು. ಇಲ್ಲಿ ಮೂರು ಕೋಣೆಯ ಮನೆ ಎಂದರೆ ಹಾಲ್ ಕೂಡ ಲೆಕ್ಕಕ್ಕೆ ಸೇರಿರುತ್ತದೆ; ನಮ್ಮ ಲೆಕ್ಕದಲ್ಲಿ ಅದು ಟೂ ಬಿಎಚ್‌ಕೆ. ದೊಡ್ಡದಾಗಿ ಕಾಣಿಸುವ ಅಂಕಿ ಸಾಮಾನ್ಯವಾಗಿ ‘ಕಾಲ್ಟ್‌ಮೀಟೆ’, ಅಂದರೆ ಬರೀ ಮನೆಯ ಬಾಡಿಗೆ. ನೀರು, ಕಸ, ಸಾಮಾನ್ಯವಾಗಿ ಹೀಟಿಂಗ್ ಸೇರಿದ ‘ವಾರ್ಮ್‌ಮೀಟೆ’ಯನ್ನು ನೋಡಿಯೇ ಲೆಕ್ಕ ಹಾಕಬೇಕು, ಕರೆಂಟು ಮತ್ತು ಇಂಟರ್ನೆಟ್ ಅದರ ಮೇಲೆ ಬೇರೆ. ಅಡ್ವಾನ್ಸ್ ಮೂರು ತಿಂಗಳ ಕಾಲ್ಟ್‌ಮೀಟೆಯನ್ನು ಮೀರುವಂತಿಲ್ಲ, ಅದನ್ನೂ ಮೂರು ಕಂತುಗಳಲ್ಲಿ ಕೊಡಲು ಕಾನೂನು ಅವಕಾಶ ನೀಡಿದೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಬಂದವರಿಗೆ ಇದು ದೊಡ್ಡ ಉಪಕಾರ. ಆದರೆ ಅಡುಗೆಮನೆಯ ಬಗ್ಗೆ ಕೇಳಲೇಬೇಕು: ನಾವು ನೋಡಿದ ಒಂದು ಮನೆಯಲ್ಲಿ ಆ ಕೋಣೆಯೊಳಗೆ ಗೋಡೆಯಿಂದ ಹೊರಬಂದ ಎರಡು ನೀರಿನ ಕೊಳವೆಗಳು ಮತ್ತು ಒಂದು ವೈರು ಮಾತ್ರ ಇದ್ದವು. ಸಿಂಕು, ಒಲೆ, ಕಪಾಟುಗಳೆಲ್ಲವನ್ನೂ ಹಿಂದಿನ ಬಾಡಿಗೆದಾರರು ತಮ್ಮೊಂದಿಗೆ ಒಯ್ದಿದ್ದರು, ಮತ್ತು ಅದು ಇಲ್ಲಿ ತೀರ ಸಹಜವಾದ ರೂಢಿ.

ಮನೆ ಸೇರಿದ ಎರಡು ವಾರಗಳೊಳಗೆ ನಗರಾಡಳಿತದ ಕಚೇರಿಯಲ್ಲಿ ವಿಳಾಸವನ್ನು ನೋಂದಾಯಿಸಬೇಕು. ಅದಕ್ಕೆ ಮಾಲೀಕರು ಸಹಿ ಮಾಡಿದ ದೃಢೀಕರಣ ಪತ್ರ ಬೇಕು. ತಾತ್ಕಾಲಿಕವಾಗಿ ಕೋಣೆ ಹಿಡಿಯುವವರು ಈ ಪತ್ರ ಸಿಗುವುದೇ ಎಂದು ಮುಂಚೆಯೇ ಕೇಳಿಕೊಳ್ಳಲಿ, ಏಕೆಂದರೆ ನೋಂದಣಿಯ ನಂತರವಷ್ಟೇ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುತ್ತದೆ. ಇಲ್ಲಿ ಫ್ಲ್ಯಾಟುಗಳಿಗೆ ಸಾಮಾನ್ಯವಾಗಿ ನಂಬರು ಇರುವುದಿಲ್ಲ. ಅಂಚೆಯವರು ಡಬ್ಬಿಯ ಮೇಲಿನ ಹೆಸರನ್ನು ನೋಡಿ ಕಾಗದ ಹಾಕುತ್ತಾರೆ. ಗಂಡನ ಪಾಸ್‌ಪೋರ್ಟಿನಲ್ಲಿ ಊರ ಹೆಸರು, ಹೆಂಡತಿಯದರಲ್ಲಿ ತಂದೆಯ ಹೆಸರು ಕೊನೆಯಲ್ಲಿರುವುದು ನಮ್ಮಲ್ಲಿ ಸಾಮಾನ್ಯವಾದ್ದರಿಂದ, ಎರಡನ್ನೂ ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಬರೆದು ಮೊದಲ ದಿನವೇ ಡಬ್ಬಿಗೆ ಅಂಟಿಸುವುದು ಕ್ಷೇಮ.

ಈ ಸೀಮೆಯಲ್ಲಿ ‘ಕೇರ್‌ವೋಖೆ’ ಎಂಬ ಪದ್ಧತಿಯಿದೆ. ಸರದಿಯ ಪ್ರಕಾರ ಒಂದೊಂದು ವಾರ ಒಂದೊಂದು ಮನೆಯವರು ಮೆಟ್ಟಿಲು, ಅಂಗಳಗಳನ್ನು ಸ್ವಚ್ಛಗೊಳಿಸಬೇಕು, ಮತ್ತು ಸರದಿ ಬಂದವರ ಬಾಗಿಲಿಗೆ ಒಂದು ಸಣ್ಣ ಫಲಕ ತೂಗುತ್ತದೆ. ಮೇಲಿನ ಮನೆಯ ವೃದ್ಧೆಯೊಬ್ಬರು, ಮೆಟ್ಟಿಲಿನ ನಡುವಷ್ಟೇ ಒರೆಸಿ ಬಿಡದೆ ಕಂಬಿಯ ಕೆಳಗಿನ ಮೂಲೆಗಳನ್ನೂ ಹೇಗೆ ಒರೆಸಬೇಕೆಂದು ನನ್ನ ಪಕ್ಕದಲ್ಲೇ ನಿಂತು ತೋರಿಸಿಕೊಟ್ಟರು. ಆ ಕಟ್ಟಡದಲ್ಲಿ ನಮಗೆ ಮೊದಲ ಪರಿಚಯವಾದದ್ದು ಹಾಗೆ. ಅಪಾರ್ಟ್‌ಮೆಂಟಿನ ಮೇಂಟೆನೆನ್ಸ್ ಹಣ ಕಟ್ಟಿ ಅಭ್ಯಾಸವಾದವರಿಗೆ ಇದು ಕಿರಿಕಿರಿಯೆನಿಸಬಹುದು. ನಾನಂತೂ ಇದನ್ನು ಮನಸಾರೆ ಮೆಚ್ಚುತ್ತೇನೆ.

ಆಫೀಸಿನಲ್ಲಿ ಇಂಗ್ಲಿಷ್ ಸಾಕು, ಆದರೆ ಶಿಶುವಿಹಾರದ ಶಿಕ್ಷಕಿಯೊಂದಿಗೆ, ಮಕ್ಕಳ ಡಾಕ್ಟರರ ಕ್ಲಿನಿಕ್ಕಿಗೆ ಫೋನ್ ಮಾಡುವಾಗ ಸಾಲದು. ಪರಿಣತ ವಿದೇಶಿ ಉದ್ಯೋಗಿಗಳಿಗೆ ಕೊಡುವ ಬ್ಲೂ ಕಾರ್ಡ್ ಎಂಬ ಪರವಾನಗಿಯ ಮೇಲೆ ಬಂದವರಿಗೆ, ಉಳಿದ ಷರತ್ತುಗಳು ಪೂರೈಸಿದ್ದರೆ, ಬಿ1 (ಮಧ್ಯಮ) ಮಟ್ಟದ ಜರ್ಮನ್ ಇದ್ದಾಗ 21 ತಿಂಗಳಿಗೆ, ಎ1 (ಆರಂಭಿಕ) ಮಟ್ಟದ್ದಷ್ಟೇ ಇದ್ದಾಗ 27 ತಿಂಗಳಿಗೆ ಕಾಯಂ ವಾಸದ ಪರವಾನಗಿ ಸಿಗುತ್ತದೆ. ಸಾರ್ವಜನಿಕ ಶಿಕ್ಷಣ ಕೇಂದ್ರವಾದ ‘ಫೋಲ್ಕ್ಸ್‌ಹೋಖ್‌ಶೂಲೆ’ಯಲ್ಲಿ ಸಂಜೆ ತರಗತಿಗಳಿರುತ್ತವೆ. ಸೋಫಾ ಕೊಳ್ಳುವ ಮೊದಲೇ ಗಂಡಹೆಂಡತಿ ಇಬ್ಬರೂ ಅಲ್ಲಿ ಹೆಸರು ಬರೆಸಿ.