ಬಿಗ್ ಪೈನ್ ಕೀ ದ್ವೀಪದ ಗಿಡ್ಡ ಜಿಂಕೆಗಳು

ಅಮೆರಿಕದ ಫ್ಲೋರಿಡಾದಲ್ಲಿ ಮಯಾಮಿಯಿಂದ ಕೀ ವೆಸ್ಟ್‌ಗೆ ಸಾಲು ಸೇತುವೆಗಳ ಮೇಲೆ ಕಡಲು ದಾಟುವ ಹೆದ್ದಾರಿಯಲ್ಲಿ ಬಿಗ್ ಪೈನ್ ಕೀ ದ್ವೀಪ ಬಂದೊಡನೆ ವಾಹನಗಳ ವೇಗ ತಗ್ಗುತ್ತದೆ. ರಾತ್ರಿಯಾದರೆ ಗಂಟೆಗೆ 35 ಮೈಲಿಯೇ ಮಿತಿ. ಬಂಡೀಪುರದ ರಾತ್ರಿ ಸಂಚಾರ ನಿಷೇಧ ಗೊತ್ತಿದ್ದ ನನಗೆ ಕಾರಣ ಹೊಳೆಯಿತು. ಆದರೆ ಬೇಲಿಯ ಪಕ್ಕ ಮೇಯುತ್ತಿದ್ದ ಬೆಳೆದ ಜಿಂಕೆಯನ್ನು, ಅದರ ಕೊಂಬು ಕಾಣುವವರೆಗೂ, ಮರಿಯೆಂದೇ ತಿಳಿದಿದ್ದೆ.

ಉತ್ತರ ಅಮೆರಿಕದ ಬಿಳಿಬಾಲದ ಜಿಂಕೆಯ ಉಪಪ್ರಭೇದಗಳಲ್ಲಿ ಈ ಕೀ ಜಿಂಕೆಯೇ ಅತಿ ಚಿಕ್ಕದು. ಭುಜದ ಎತ್ತರ ಸುಮಾರು 60ರಿಂದ 75 ಸೆಂಟಿಮೀಟರ್. ಹಿಮಯುಗದಲ್ಲಿ ಕಡಲು ತಗ್ಗಿದ್ದಾಗ ಮುಖ್ಯಭೂಮಿಯಿಂದ ನಡೆದು ಬಂದ ಜಿಂಕೆಗಳು, ಹಿಮ ಕರಗಿ ನೀರು ಏರಿದ ಮೇಲೆ ಇಲ್ಲೇ ಉಳಿದು, ಸಾವಿರಾರು ವರ್ಷ ಅಲ್ಪ ಮೇವಿನಲ್ಲೇ ಬದುಕುತ್ತ ಗಿಡ್ಡವಾದವು. ಕಾಂಡ್ಲಾ ಎಲೆ, ತಾಳೆ ಜಾತಿಯ ಗಿಡಗಳ ಹಣ್ಣು ಇವುಗಳ ಆಹಾರ. ದ್ವೀಪದಿಂದ ದ್ವೀಪಕ್ಕೆ ಈಜಿ ಹೋಗುತ್ತವೆ, ಆದರೆ ಸಿಹಿನೀರಿಲ್ಲದೆ ಬಾಳಲಾರವು.

ಬೇಟೆಯಿಂದಾಗಿ 1950ರ ದಶಕದಲ್ಲಿ ಕೆಲವೇ ಡಜನ್ ಉಳಿದಿದ್ದವು. 1957ರಲ್ಲಿ ರಕ್ಷಿತ ಧಾಮವಾಯಿತು, 1967ರಲ್ಲಿ ಅಳಿವಿನಂಚಿನ ಪಟ್ಟಿಗೆ ಸೇರಿತು. ಸಂಖ್ಯೆಯೂ ನಿಧಾನವಾಗಿ ಏರಿತು. ಬೇಟೆ ನಿಂತ ಮೇಲೆ ವಾಹನಗಳೇ ಯಮನಾದವು. ತಿಂಡಿ ಹಾಕುವ ಜನರನ್ನು ನಂಬಿ ಜಿಂಕೆಗಳು ರಸ್ತೆಗೆ ಬರುವುದರಿಂದ, ಅವಕ್ಕೆ ತಿನ್ನಿಸುವುದು ಇಲ್ಲಿ ಅಪರಾಧ.

2016ರಲ್ಲಿ ಮಾತ್ರ ಈ ಸಲಿಗೆಯೇ ಅವುಗಳನ್ನು ಕಾಯಿತು. ಬೆದೆಗಾಲದಲ್ಲಿ ಕಾದಾಡಿದ ಗಂಡುಗಳ ಗಾಯಕ್ಕೆ ಸ್ಕ್ರೂವರ್ಮ್ ನೊಣ ಮೊಟ್ಟೆಯಿಟ್ಟು, ಹುಳುಗಳು ಜೀವಂತ ಮಾಂಸವನ್ನೇ ತಿಂದು, ನೂರಕ್ಕೂ ಹೆಚ್ಚು ಜಿಂಕೆಗಳು ಸತ್ತವು. ಆಗ ಸಿಬ್ಬಂದಿಯೂ ಸ್ವಯಂಸೇವಕರೂ ಬ್ರೆಡ್ಡಿನಲ್ಲಿ ಔಷಧ ಸೇರಿಸಿ ಜಿಂಕೆಗಳಿಗೆ ತಿನ್ನಿಸಿದರು. ಈ ಹೆಣ್ಣು ನೊಣ ಬದುಕಿನಲ್ಲಿ ಸಾಮಾನ್ಯವಾಗಿ ಒಮ್ಮೆ ಮಾತ್ರ ಕೂಡುತ್ತದೆ; ಬಂಜೆ ಗಂಡಿನೊಡನೆ ಕೂಡಿದರೆ ಅದರ ಮೊಟ್ಟೆಯಿಂದ ಮರಿ ಬರುವುದಿಲ್ಲ. ಆದ್ದರಿಂದ ವಿಕಿರಣದಿಂದ ಬಂಜೆ ಮಾಡಿದ ನೊಣಗಳನ್ನು ಕೋಟಿಗಟ್ಟಲೆ ಬಿಟ್ಟು, 2017ರ ಮಾರ್ಚ್ ಹೊತ್ತಿಗೆ ಪಿಡುಗನ್ನು ತೊಡೆದುಹಾಕಲಾಯಿತು. ಹೆಣ್ಣು ಜಿಂಕೆಗಳು ಹೆಚ್ಚಾಗಿ ಉಳಿದದ್ದರಿಂದ ಸಂತತಿ ಚೇತರಿಸಿಕೊಂಡಿತು.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಇರ್ಮಾ ಚಂಡಮಾರುತ ಬಂದು, ಜಿಂಕೆಗಳು ನೀರು ಕುಡಿಯುವ ಹೊಂಡಗಳಿಗೆ ಸಮುದ್ರ ನುಗ್ಗಿತು. ನನಗೆ ನೊಣಕ್ಕಿಂತ ದೊಡ್ಡ ಆತಂಕ ಇದೇ: ಬಿದ್ದ ಮಳೆ ಇಲ್ಲಿ ಸುಣ್ಣಕಲ್ಲಿನೊಳಗೆ ಉಪ್ಪುನೀರಿನ ಮೇಲೆ ತೆಳು ಪದರವಾಗಿ ತೇಲುತ್ತದೆ, ಕಡಲು ಏರಿದಂತೆ ಆ ಪದರ ಕುಗ್ಗುತ್ತದೆ. ಧಾಮದ ಬ್ಲೂ ಹೋಲ್ ಎಂಬ ಹಳೆಯ ಕಲ್ಲುಗಣಿಯಲ್ಲಿ ಇನ್ನೂ ಸಿಹಿನೀರಿದೆ. ಅಲ್ಲಿ ಮೊಸಳೆಯೂ ಇದೆ. ಸಂಜೆ ಅದರ ಅಂಚಿಗೆ ಬಂದ ಜಿಂಕೆಯೊಂದು ಬಹಳ ಹೊತ್ತು ಕಿವಿ ನಿಮಿರಿಸಿ ನಿಂತು, ಆಮೇಲೆ ಬಾಗಿ ಕುಡಿಯಿತು.