ದೋರ್ದೋನ್ಯದ ಹಳ್ಳಿಮನೆಯಲ್ಲಿ ಒಂದು ವಾರ: ಹೊರಡುವ ಮುನ್ನ ತಿಳಿದಿರಬೇಕಾದದ್ದು

ಫ್ರಾನ್ಸಿನ ನೈಋತ್ಯದಲ್ಲಿರುವ ದೋರ್ದೋನ್ಯ ಕಣಿವೆಯಲ್ಲಿ ಬೇಸಿಗೆ ಕಳೆಯುವವರು ಮೊದಲು ಶನಿವಾರದ ಲೆಕ್ಕ ಹಾಕಬೇಕು. 'ಜೀತ್' ಎಂದು ಕರೆಯುವ ಹಳ್ಳಿಮನೆಗಳನ್ನು ಜುಲೈ, ಆಗಸ್ಟ್‌ನಲ್ಲಿ ಹೆಚ್ಚಾಗಿ ಶನಿವಾರದಿಂದ ಶನಿವಾರಕ್ಕೇ ಬಾಡಿಗೆಗೆ ಕೊಡುತ್ತಾರೆ. ವಿಮಾನದ ಟಿಕೆಟ್ ಮೊದಲು ತೆಗೆದು ಮನೆ ಆಮೇಲೆ ಹುಡುಕಿದರೆ ನಡುವಿನ ದಿನಗಳಿಗೆ ಹೋಟೆಲ್ ಖರ್ಚು ತಲೆಮೇಲೆ ಬೀಳುತ್ತದೆ. ಹಾಸುಬಟ್ಟೆ, ಟವೆಲ್ ಬಾಡಿಗೆಯಲ್ಲಿ ಸೇರಿವೆಯೇ, ಬಿಡುವಾಗ ಗುಡಿಸಿ ಒರೆಸುವುದು ಯಾರ ಪಾಲು ಎಂಬುದನ್ನು ಮುಂಚೆಯೇ ಕೇಳಿಬಿಡಿ.

ಕೀಲಿ ಸಿಗುವುದು ಸಾಮಾನ್ಯವಾಗಿ ಸಂಜೆ 4ರ ಮೇಲೆ. ಅದಕ್ಕೂ ಮೊದಲೇ ಸೂಪರ್‌ಮಾರ್ಕೆಟ್‌ಗೆ ಹೋಗಿ ಎರಡು ದಿನದ ಸಾಮಾನು ತುಂಬಿಕೊಳ್ಳಿ. ಭಾನುವಾರ ಮಧ್ಯಾಹ್ನದ ಮೇಲೆ ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ, ಸೋಮವಾರ ಸಣ್ಣ ಊರಿನ ಬೇಕರಿಯೂ ತೆಗೆಯದಿರಬಹುದು. ಹೋಟೆಲ್‌ನಲ್ಲಿ ಊಟಕ್ಕೆ 12ರಿಂದ 1:30ರೊಳಗೆ ಕೂತುಬಿಡಬೇಕು. 3ಕ್ಕೆ ಹೋದರೆ ಕಾಫಿಯಷ್ಟೇ ಸಿಕ್ಕೀತು.

ಕಾರಿಲ್ಲದೆ ಇಲ್ಲಿ ಓಡಾಡುವುದು ಕಷ್ಟ. ಪ್ಯಾರಿಸ್‌ನಿಂದ ಬೋರ್ದೋವರೆಗೆ ಟಿಜಿವಿ ರೈಲಿನಲ್ಲಿ ಎರಡು ಗಂಟೆ ಚಿಲ್ಲರೆ, ಅಲ್ಲಿಂದ ಬಾಡಿಗೆ ಕಾರು. ಗೇರ್ ಕಾರುಗಳೇ ಹೆಚ್ಚು, ಆಟೊಮ್ಯಾಟಿಕ್ ಬೇಕಿದ್ದರೆ ಬೇಗ ಕಾದಿರಿಸಿ. ಫಲಕವಿಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವ ವಾಹನಕ್ಕೇ ಮೊದಲ ಹಕ್ಕು, ಅದು ಸಣ್ಣ ಓಣಿಯಿಂದ ಬಂದರೂ ಸರಿ. ಬಂಕಿನಲ್ಲಿ 'ಗಾಜೋಲ್' ಎಂದರೆ ಡೀಸೆಲ್. ಹೆಸರು ಕೇಳಿ ಪೆಟ್ರೋಲ್ ಅಂದುಕೊಂಡು ತುಂಬಿಸಿದರೆ ಎಂಜಿನ್‌ಗೆ ಕುತ್ತು. ಸಿಬ್ಬಂದಿ ಇಲ್ಲದ ಬಂಕುಗಳು ನಮ್ಮ ಕಾರ್ಡನ್ನು ನಿರಾಕರಿಸುವುದುಂಟು, ಆದ್ದರಿಂದ ಟ್ಯಾಂಕ್ ಅರ್ಧಕ್ಕೆ ಇಳಿದಾಗಲೇ ತುಂಬಿಸಿ.

ಸಸ್ಯಾಹಾರಿಗಳೇ, ಇದು ಬಾತುಕೋಳಿಯ ಸೀಮೆ. ಇಲ್ಲಿನ ಹೆಸರುವಾಸಿ ಆಲೂಗಡ್ಡೆ ಪಲ್ಯ 'ಪೊಮ್ ಸಾರ್ಲಾದೇಜ್' ಹುರಿಯುವುದೇ ಬಾತುಕೋಳಿ ಕೊಬ್ಬಿನಲ್ಲಿ. ಸೊಪ್ಪಿನ ಸಲಾಡ್‌ನಲ್ಲೂ ಹಂದಿಮಾಂಸದ ಚೂರುಗಳಿರಬಹುದು. ಮನೆಯಲ್ಲೇ ಅಡುಗೆ ಮಾಡುವುದು ನೆಮ್ಮದಿ. ಸಾರ್ಲಾ ಪಟ್ಟಣದ ಸಂತೆ ಬುಧವಾರ ಮತ್ತು ಶನಿವಾರ ಬೆಳಿಗ್ಗೆ. 9ರೊಳಗೆ ಹೋದರೆ ಕಾರು ನಿಲ್ಲಿಸಲು ಜಾಗ ಸಿಗುತ್ತದೆ. ಟೊಮೆಟೊ, ಹುರುಳಿಕಾಯಿ, ಅಕ್ರೋಟು, 'ಕಾಬೆಕು' ಎಂಬ ಪುಟ್ಟ ಮೇಕೆಹಾಲಿನ ಚೀಸ್ ಕೊಳ್ಳಿ. ಬೇಳೆಗೆ ಸೂಪರ್‌ಮಾರ್ಕೆಟ್‌ನ 'ಲಾಂತೀ ಕೊರಾಯ್' ನೋಡಿ, ಅದು ನಮ್ಮ ಮಸೂರಬೇಳೆಯೇ. ಊರಿಂದ ಸಾರಿನ ಪುಡಿ ಒಯ್ಯಿರಿ. ತುಪ್ಪ, ಪನೀರ್ ಬೇಡ, ಐರೋಪ್ಯ ಒಕ್ಕೂಟದೊಳಗೆ ಹಾಲಿನ ಪದಾರ್ಥ ತರುವಂತಿಲ್ಲ. ಹಸಿ ಕರಿಬೇವಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, ತೆಂಗಿನಕಾಯಿಗೆ ಬೇಡ.

ನೋಡುವುದಕ್ಕೆ ದಿನಕ್ಕೊಂದೇ ಇರಲಿ. ಆದಿಮಾನವರ ಗೋಡೆಚಿತ್ರಗಳಿಗೆ ಹೆಸರಾದ ಲಾಸ್ಕೋದ ಮೂಲ ಗುಹೆಯನ್ನು 1963ರಲ್ಲೇ ಸಾರ್ವಜನಿಕರಿಗೆ ಮುಚ್ಚಲಾಗಿದೆ. ಮೊಂತಿನ್ಯಾಕ್‌ನಲ್ಲಿ ಈಗ ಕಾಣುವುದು 2016ರಲ್ಲಿ ತೆರೆದ ಪ್ರತಿಕೃತಿ, ಆದರೂ ತಪ್ಪದೆ ನೋಡಿ. ಟಿಕೆಟ್ ಮುಂಚಿತವಾಗಿ ತೆಗೆಯಿರಿ. ನದಿಯಲ್ಲಿ ಸೆನಾಕ್‌ನಿಂದ ಬೇನಾಕ್‌ಗೆ ದೋಣಿ ಹುಟ್ಟುಹಾಕುತ್ತ ಬಂದರೆ ಸುಮಾರು 9 ಕಿ.ಮೀ. ದಾರಿಯಲ್ಲಿ ಬಂಡೆಗೆ ಆತುಕೊಂಡ ಲಾ ರೋಕ್ ಗಾಜಾಕ್ ಹಳ್ಳಿ, ಮೇಲೆ ಕಾಸ್ತೆಲ್ನೋ ಕೋಟೆ. ಈಜು ಬರಬೇಕು. ಫೋನನ್ನು ದೋಣಿ ಬಾಡಿಗೆಯವರು ಕೊಡುವ ಮುಚ್ಚಳದ ಡಬ್ಬಿಯಲ್ಲಿಡಿ.

ಬಿಸಿಲು 35 ಡಿಗ್ರಿ ದಾಟುವ ದಿನಗಳಿರುತ್ತವೆ. ಬಹಳಷ್ಟು ಹಳೆಯ ಮನೆಗಳಲ್ಲಿ ಎಸಿ ಇಲ್ಲ, ಸೀಲಿಂಗ್ ಫ್ಯಾನೂ ಇಲ್ಲ. ಬೆಳಿಗ್ಗೆಯೇ ಕಿಟಕಿಯ ಹೊರಗಿನ ಮರದ ಬಾಗಿಲುಗಳನ್ನು ಮುಚ್ಚಿ, ಹೊತ್ತು ಮುಳುಗಿದ ಮೇಲೆ ತೆರೆಯಿರಿ. ಜುಲೈ ಆರಂಭದಲ್ಲಿ ಹೊತ್ತು ಮುಳುಗುವಾಗ ರಾತ್ರಿ ಹತ್ತು ಸಮೀಪಿಸಿರುತ್ತದೆ. ಕಿಟಕಿಗೆ ಸೊಳ್ಳೆಜಾಲರಿ ಇರುವುದು ಅಪರೂಪ, ದೀಪ ಆರಿಸಿಯೇ ತೆರೆಯಿರಿ.