ಮುಂದೆ ಜಾಗ ಇಲ್ಲದ ಗಾಡಿ

ಕಬ್ಬಿಣದ ಪ್ಲೇಟ್ ಕಮ್ಮಿ ಬಿತ್ತು ಅಂದರೆ ನನ್ನ ಗೆಳೆಯನ ಹತ್ತಿರ ಒಂದೇ ಮದ್ದು, ಇನ್ನೊಂದು ರೈಲು ಬಿಡೋದು. ಫ್ಯಾಕ್ಟೋರಿಯೊ ಅನ್ನೋ ಕಂಪ್ಯೂಟರ್ ಆಟದಲ್ಲಿ ನಾವಿಬ್ಬರೂ ಸೇರಿ ಕಟ್ಟಿದ ಕಾರ್ಖಾನೆಗೆ ಈ ಶನಿವಾರ ರಾತ್ರಿಯೂ ಗಾಡಿ ಮೇಲೆ ಗಾಡಿ ಬಿಟ್ಟ. ಸ್ವಲ್ಪ ಹೊತ್ತಿಗೆ ಇಡೀ ಮ್ಯಾಪ್‌ನಲ್ಲಿ ಒಂದು ಗಾಡಿಯೂ ಅಲುಗಾಡಲಿಲ್ಲ.

ಊರಿಂದ ಬಂದಿದ್ದ ಮಾವ ಬೆನ್ನ ಹಿಂದೆ ನಿಂತು ನೋಡುತ್ತಿದ್ದರು. ಸ್ಟೇಷನ್ ಮಾಸ್ಟರ್ ಆಗಿ ರಿಟೈರ್ ಆದವರು, ಕಂಪ್ಯೂಟರ್ ಆಟ ಅಂದರೆ ಮೂಗು ಮುರಿಯುವವರು. ಜಂಕ್ಷನ್ ಮೇಲೆ ಅಡ್ಡಡ್ಡ ನಿಂತ ಗಾಡಿಯ ಮೇಲೆ ಬೆರಳಿಟ್ಟು, "ಅಲ್ಲಾ ಅಳಿಯಂದ್ರೆ, ಮುಂದೆ ಜಾಗ ಇಲ್ಲ ಅಂದ್ಮೇಲೆ ಇದನ್ನ ಒಳಗ್ಯಾಕೆ ಬಿಟ್ರಿ?" ಅಂದರು. ಬೈದದ್ದಲ್ಲ. ನಿಜವಾಗಿಯೂ ಅರ್ಥವಾಗದೆ ಕೇಳಿದ್ದು.

ಆಗಿದ್ದು ಇಷ್ಟು. ಒಂದು ವ್ಯಾಗನ್‌ಗೆ 2000 ಅದಿರು. ನಾಲ್ಕು ವ್ಯಾಗನ್ನಿನ ಗಾಡಿ ಅಂದರೆ 8000. ಕುಲುಮೆಗಳಿಗೆ ಹೋಗೋದು ಒಂದೇ ಕೆಂಪು ಬೆಲ್ಟ್, ಅದು ಸೆಕೆಂಡಿಗೆ ಸಾಗಿಸೋದು 30. ಲೆಕ್ಕ ಹಾಕಿದರೆ ಒಂದು ಗಾಡಿ ಖಾಲಿಯಾಗೋಕೆ ನಾಲ್ಕೂವರೆ ನಿಮಿಷ ಬೇಕು. ಹತ್ತು ಗಾಡಿ ತಂದು ನಿಲ್ಲಿಸಿದರೂ ಬೆಲ್ಟ್ ಜಾಸ್ತಿ ಓಡಲ್ಲ, ಅಲ್ವಾ? ಸಾಲು ಬೆಳೆದು ಜಂಕ್ಷನ್ ತನಕ ಬಂತು. ಅದರ ಹಿಂದೆ ಕಲ್ಲಿದ್ದಲ ಗಾಡಿ ಸಿಕ್ಕಿಬಿತ್ತು. ಕಲ್ಲಿದ್ದಲಿಲ್ಲದೆ ಕುಲುಮೆ ಆರಿತು. ಕುಲುಮೆ ಆರಿದ ಮೇಲೆ ಅದಿರಿನ ಗಾಡಿ ಖಾಲಿಯಾಗುವುದು ಹೇಗೆ? ಅದು ಖಾಲಿಯಾಗದೆ ಕಲ್ಲಿದ್ದಲಿಗೆ ದಾರಿ ಇಲ್ಲ.

ಇದಕ್ಕೆ ಆಟದಲ್ಲೇ ಮದ್ದಿದೆ. ಮಾಮೂಲಿ ಸಿಗ್ನಲ್ ತನ್ನ ಮುಂದಿನ ಒಂದು ಬ್ಲಾಕ್, ಅಂದರೆ ಮುಂದಿನ ಸಿಗ್ನಲ್ ತನಕದ ಹಳಿ, ಅಷ್ಟು ಮಾತ್ರ ನೋಡುತ್ತದೆ. ಚೈನ್ ಸಿಗ್ನಲ್ ಹಾಗಲ್ಲ, ಆಚೆ ಹೊರಬೀಳುವ ದಾರಿ ಖಾಲಿ ಇದೆಯಾ ನೋಡಿ ಆಮೇಲೆ ಒಳಗೆ ಬಿಡುತ್ತದೆ. ಸ್ಟೇಷನ್ನಿಗೆ ಎರಡೇ ಗಾಡಿ ಅಂತ ಮಿತಿ ಹಾಕಿದರೆ ಉಳಿದವು ಗಣಿಯ ಹತ್ತಿರವೇ ಕಾಯುತ್ತವೆ. ಎರಡನ್ನೂ ಹಾಕಿ, ನಾಲ್ಕು ಗಾಡಿ ಕಿತ್ತೆವು. "ಗಾಡಿ ಕಿತ್ತರೆ ಪ್ಲೇಟ್ ಹೇಗೋ ಜಾಸ್ತಿ ಆಗುತ್ತೆ?" ಅಂತ ಗೆಳೆಯ ಕೂಗಾಡಿದ. ಬುದ್ಧಿವಂತನೇ, ಆದರೆ ನಿಂತ ಗಾಡಿ ಕಂಡರೆ ಅವನ ಕೈ ಸುಮ್ನಿರಲ್ಲ. ನಮ್ಮ ಆಫೀಸುಗಳಲ್ಲಿ ಇಂಥವರಿಗೇ ಬೇಗ ಪ್ರಮೋಶನ್ ಸಿಗೋದು.

ಮಾವನ ಮಾತು ಮಾತ್ರ ತಲೆಯಿಂದ ಹೋಗುತ್ತಿಲ್ಲ. ಮುಂದೆ ಜಾಗ ಇಲ್ಲ ಅಂದ್ಮೇಲೆ ಒಳಗ್ಯಾಕೆ ಬಿಟ್ರಿ? ಸೋಮವಾರ ಸಿಗ್ನಲ್ಲಿನಲ್ಲಿ ಹಸಿರು ಬಿತ್ತು ಅಂತ ನಡುರಸ್ತೆಗೆ ನುಗ್ಗಿ ನಾಲ್ಕೂ ಕಡೆ ಅಡ್ಡ ನಿಂತ ಬಸ್ಸು ಕಂಡಾಗ ಅದೇ ನೆನಪಾಯಿತು. ಮೀಟಿಂಗಿನಲ್ಲಿ ಹಳೆಯದು ಮುಗಿಯುವ ಮುಂಚೆ ಹೊಸ ಪ್ರಾಜೆಕ್ಟ್ ಒಪ್ಪಿಕೊಂಡಾಗಲೂ ಅದೇ.

ಮಾವ ಕೆಲಸ ಮಾಡಿದ್ದು ಬೀರೂರು ಕಡೆ, ಸಿಂಗಲ್ ಲೈನ್ ಕಾಲದಲ್ಲಿ. ಕಬ್ಬಿಣದ ಚೆಂಡಿನಂಥ ಟೋಕನ್ ಕೈಗೆ ಬರದೆ ಡ್ರೈವರ್ ಮುಂದಿನ ಸ್ಟೇಷನ್ನಿಗೆ ಹೊರಡುವ ಹಾಗಿರಲಿಲ್ಲ. ಲೂಪ್, ಅಂದರೆ ಸ್ಟೇಷನ್ನಿನಲ್ಲಿ ಗಾಡಿ ಬದಿಗೆ ನಿಲ್ಲುವ ಹಳಿ, ತುಂಬಿದ್ದರೆ ಬರುವ ಗಾಡಿ ಸ್ಟೇಷನ್ನಿನ ಹೊರಗೆ ಔಟರ್‌ನಲ್ಲೇ ನಿಲ್ಲಬೇಕು. ಆಗ ಇಳಿದು ನಡೆದುಬಂದ ಪ್ಯಾಸೆಂಜರ್‌ಗಳು ಇವರ ರೂಮಿಗೇ ನುಗ್ಗಿ ಬೈಯುತ್ತಿದ್ದರಂತೆ, "ನಿದ್ದೆ ಮಾಡ್ತಿದೀರಾ?" ಅಂತ. ಔಟರ್‌ನಲ್ಲಿ ಕೂತು ನಾನೂ ಎಷ್ಟು ಸಲ ಹಾಗೆ ಗೊಣಗಿಲ್ಲ! ತಡೆದು ನಿಲ್ಲಿಸಿದವನ ಕೆಲಸ ಸೋಮಾರಿತನದ ಹಾಗೆ ಕಾಣುತ್ತದೆ. ರೈಲು ಬಿಟ್ಟವನಿಗೇ ಚಪ್ಪಾಳೆ.

ಈಗ ಗೆಳೆಯನ ಹೊಸ ರಾಗ, ಗಾಡಿ ಕಮ್ಮಿ ಮಾಡಿ ಒಂದೊಂದಕ್ಕೂ ಎಂಟೆಂಟು ವ್ಯಾಗನ್ ಹಾಕೋಣ ಅಂತ. ಮಾವನಿಗೆ ಹೇಳಿದೆ. ಕಾಫಿ ಲೋಟ ಕೆಳಗಿಟ್ಟು, "ಲೂಪ್ ಎಷ್ಟುದ್ದ ಇದೆ?" ಅಂದರು. ಇರೋದು ಇಂಜಿನ್ ಸೇರಿ ನಾಲ್ಕು ವ್ಯಾಗನ್ನಿಗೆ. "ಬಾಲ ಮೇನ್ ಲೈನಿನಲ್ಲೇ ಉಳಿಯುತ್ತೆ. ಮೊದಲು ಲೂಪ್ ಬೆಳೆಸೋಕೆ ಹೇಳಿ ಅವ್ರಿಗೆ."